ಶಿಶುನಾಳದ ಶರೀಫ ಸಾಹೇಬರು

ನಗಿಸುತ್ತಲೇ ತಿವಿಯುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಆ ವಿದ್ಯೆಯನ್ನು ರಾಗತಾಳಗಳಿಗೆ ಅಳವಡಿಸಿ, ಪೆಟ್ಟು ತಿಂದವನೂ ತಲೆದೂಗುವಂತೆ ಹಾಡಿದ ಮಹಾನುಭಾವರು ಶಿಶುನಾಳದ ಶರೀಫ ಸಾಹೇಬರು.

ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ, ಇಮಾಮ ಸಾಹೇಬ ಮತ್ತು ಹಜ್ಜೂಮಾ ದಂಪತಿಗಳಿಗೆ 1819ರಲ್ಲಿ ಅವರು ಜನಿಸಿದರು. ಕುಲದಿಂದ ಮುಸಲ್ಮಾನರಾದರೂ ಎಳವೆಯಲ್ಲಿಯೇ ಚಾಮರಸನ ಪ್ರಭುಲಿಂಗಲೀಲೆಯನ್ನು ಓದಿಕೊಂಡಿದ್ದರೆಂದು ಹೇಳುವರು. ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಆ ವೃತ್ತಿಯು ಅವರನ್ನು ಹಿಡಿದಿಡಲಿಲ್ಲ.

ಅವರನ್ನು ಹಿಡಿದವರು ಕಳಸದ ಗೋವಿಂದಭಟ್ಟರು. ಜನ್ಮತಃ ಬ್ರಾಹ್ಮಣರು, ಜಾತಿಯ ಕಟ್ಟಳೆಗಳನ್ನು ಲೆಕ್ಕಿಸದ ಅವಧೂತರು. ನಿನ್ನ ತಂದೆ ಯಾರೆಂದು ಭಟ್ಟರು ಕೇಳಲು, ತಮ್ಮ ತಂದೆಯೇ ನನ್ನ ತಂದೆಯೆಂದು ಹುಡುಗನು ಉತ್ತರಿಸಿದನೆಂಬುದು ಪ್ರತೀತಿ. ಮೇಲ್ನೋಟಕ್ಕೆ ಇದು ಉದ್ಧಟತನ. ಒಳಹೊಕ್ಕು ನೋಡಿದರೆ ಅದ್ವಯ ತತ್ತ್ವ. ಗುರುವು ಅಂಥ ಶಿಷ್ಯನಿಗೆ ಜನಿವಾರವನ್ನೂ ತೊಡಿಸಿದರು. ಎರಡೂ ಕಡೆಯ ಸಂಪ್ರದಾಯಸ್ಥರಿಗೆ ಇದು ಸಹಿಸಲಾಗದ ಸಂಗತಿಯಾಯಿತು.

ಪತ್ನಿವಿಯೋಗದ ತರುವಾಯ ಶರೀಫರು ಹಾಡುತ್ತ ಊರೂರು ತಿರುಗಿದರು. ಅವರು ಹಾಡಿಗೆ ವಸ್ತುವನ್ನು ಹುಡುಕಿಕೊಂಡು ಹೋದವರಲ್ಲ. ಸೋರುವ ಮಾಳಿಗೆ, ಸಂತೆಗೆ ಹೊರಟ ಮುದುಕಿ, ಹೊಸತಾಗಿ ಬಂದ ಗಿರಣಿ, ಕಂಡುದೆಲ್ಲವೂ ಪದವಾಯಿತು. ಸೋರುವ ಮನೆ ಈ ದೇಹವೆಂದು, ಬೀಳಲಿರುವ ಮುದುಕಿ ಈ ಜೀವವೆಂದು ಕೇಳುವವನಿಗೆ ಹೊಳೆಯುವ ಹೊತ್ತಿಗೆ ಅವನು ಆಗಲೇ ನಕ್ಕಾಗಿರುತ್ತದೆ! ಮಡಿಯ ಆಡಂಬರವನ್ನು ಗೇಲಿಮಾಡಿದ ಪದವೂ ಉಂಟು. ಮೊಹರಮ್ಮಿಗಾಗಿ ಕನ್ನಡದಲ್ಲಿ ರಚಿಸಿದ ರಿವಾಯತಗಳೂ ಉಂಟು. ಕೋಳಿಯು ಕೋತಿಯನ್ನು, ಆಡು ಆನೆಯನ್ನು, ಮದ್ದಳೆಯು ನರ್ತಕಿಯನ್ನು ನುಂಗುವ ಪ್ರಸಿದ್ಧ ಪದವು ಅಲ್ಲಮಪ್ರಭುವಿನ ಬೆಡಗಿನ ವಚನಗಳ ನೇರ ಸಂತಾನವೆಂದೇ ಹೇಳಬೇಕು. ಆ ಪದದಲ್ಲಿ ಕಟ್ಟಕಡೆಗೆ ನುಂಗಲ್ಪಡುವವನು ಕವಿಯೇ, ನುಂಗುವುದು ಗುರುಪಾದ. ಪರರನ್ನು ಹಾಸ್ಯಮಾಡಿ ತಾನು ದೂರ ನಿಲ್ಲುವ ವಿಡಂಬನಕಾರರಲ್ಲಿ ಈ ವಿನಯವು ದುರ್ಲಭ. ಶರೀಫರ ನಗೆ ಯಾರನ್ನೂ ಕಹಿಮಾಡದಿರುವುದಕ್ಕೆ ಇದೇ ಕಾರಣವಿರಬೇಕು.

1889ರಲ್ಲಿ ಅಂತ್ಯಕಾಲ ಸಮೀಪಿಸಿದಾಗ ಅವರು ಬಯಸಿದುದು ಶರಣರ ಪದ್ಧತಿಯಂತೆ ಶಿರದ ಮೇಲೆ ಜಂಗಮಪಾದವನ್ನು. ಹಿರೇಮಠದ ಜಂಗಮರು ಮೊದಲು ಹಿಂಜರಿದು ಆಮೇಲೆ ಸಮ್ಮತಿಸಿದರೆಂಬ ಐತಿಹ್ಯವಿದೆ. ಬಾಳೆಲ್ಲ ಹಾಡಿ ಹಳಿದ ಭೇದಭಾವವು ಮರಣಶಯ್ಯೆಯ ತನಕ ಅವರನ್ನು ಹಿಂಬಾಲಿಸಿ ಬಂದಿತ್ತು. ಅಂತ್ಯಕ್ರಿಯೆಗಳನ್ನು ಹಿಂದೂಗಳೂ ಮುಸಲ್ಮಾನರೂ ಕೂಡಿ ನೆರವೇರಿಸಿದರು.

ಪದಗಳು ಮಾತ್ರ ಭಜನಾಮೇಳಗಳ ಬಾಯಲ್ಲಿ ಉಳಿದು ಬಂದವು. ಸಿ. ಅಶ್ವತ್ಥರ ಕಂಠದಿಂದ ಅವು ಪಟ್ಟಣಿಗರ ಮನೆಗಳನ್ನೂ ಹೊಕ್ಕವು. 1990ರಲ್ಲಿ ನಾಗಾಭರಣರು ಶರೀಫರ ಚರಿತ್ರೆಯನ್ನು ಚಲನಚಿತ್ರವಾಗಿಸಿದರು. ಅರ್ಥವರಿಯದ ಮಕ್ಕಳು ಕೋಳಿ ಕೋತಿಯ ಪದವನ್ನು ವಿನೋದಕ್ಕೆಂದು ಹಾಡುವರು. ಹಾಡಲಿ, ಶರೀಫರೂ ಬೇಡವೆನ್ನುತ್ತಿರಲಿಲ್ಲ. ಶಿಶುನಾಳದ ಗದ್ದುಗೆಗೆ ಇಂದಿಗೂ ಉಭಯ ಮತದವರೂ ನಡೆದುಕೊಳ್ಳುತ್ತಾರೆ.