ವರ್ಣತಂತುಗಳ ಲೆಕ್ಕವರಿತ ಜಾನಕಿ ಅಮ್ಮಾಳ್

ಖರಾಡಿಯ ರಸವಂತಿ ಅಂಗಡಿಗಳಲ್ಲಿ ಕಬ್ಬಿನ ಹಾಲು ಸವಿಯುವ ನಾವು, ಆ ಸಿಹಿಯೊಳಗಿನ ಸೋಜಿಗವನ್ನು ಎಣಿಸಿ ನೋಡಿದ ಮಹಿಳೆಯೊಬ್ಬರನ್ನು ಸ್ಮರಿಸುವುದು ಉಚಿತ. ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 23 ವರ್ಣತಂತುಗಳ ಎರಡು ಗಣಗಳು, ಒಟ್ಟು 46 ಇರುತ್ತವೆ. ಕೃಷಿಯ ಕಬ್ಬಿನಲ್ಲಾದರೋ ಹಲವು ಗಣಗಳು ಕೂಡಿ ಸಂಖ್ಯೆ ನೂರನ್ನು ಮೀರುತ್ತದೆ.

ಆ ಮಹಿಳೆಯೇ ಸಸ್ಯವಿಜ್ಞಾನಿ ಡಾ. ಜಾನಕಿ ಅಮ್ಮಾಳ್. ಇವರು 1897ರ ನವೆಂಬರ್ 4ರಂದು, ನಮ್ಮ ಕಾಸರಗೋಡಿಗೆ ದೂರವಲ್ಲದ ತಲಶ್ಶೇರಿಯಲ್ಲಿ ಜನಿಸಿದರು. ಮದರಾಸಿನಲ್ಲಿ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ 1931ರಲ್ಲಿ ಡಾಕ್ಟರೇಟ್ ಪಡೆದರು. ಹೆಣ್ಣುಮಕ್ಕಳಿಗೆ ಮದುವೆಯೇ ಗುರಿಯೆಂದು ಸಮಾಜವು ಭಾವಿಸಿದ್ದ ಆ ದಿನಗಳಲ್ಲಿ ಅವರು ಅವಿವಾಹಿತರಾಗಿಯೇ ಉಳಿದು ವಿಜ್ಞಾನವನ್ನು ವರಿಸಿದರು.

ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ಕಬ್ಬು ಮತ್ತು ಮೆಕ್ಕೆಜೋಳಗಳ ಸಂಕರವನ್ನೂ ಸಾಧಿಸಿದರು. 1939ರಲ್ಲಿ ಬ್ರಿಟನ್ನಿಗೆ ತೆರಳಿದಾಗ ಮಹಾಯುದ್ಧ ಆರಂಭವಾಗಿ ಅಲ್ಲಿಯೇ ಉಳಿಯಬೇಕಾಯಿತು. ಯುದ್ಧಕಾಲದ ಕಷ್ಟಗಳ ನಡುವೆಯೂ ಡಾರ್ಲಿಂಗ್ಟನ್ ಅವರೊಡನೆ ಶ್ರಮಿಸಿ, ಕೃಷಿ ಸಸ್ಯಗಳ ವರ್ಣತಂತುಗಳ ಮಹಾಕೋಶವನ್ನು 1945ರಲ್ಲಿ ಹೊರತಂದರು. ಬಳಿಕ ವಿಸ್ಲಿಯ ಉದ್ಯಾನದಲ್ಲಿ ಮ್ಯಾಗ್ನೋಲಿಯಾ ಸಸಿಗಳಿಗೆ ಕೋಲ್ಚಿಸಿನ್ ಲೇಪಿಸಿದರು. ಈ ದ್ರವ್ಯದಿಂದ ವರ್ಣತಂತುಗಳು ಇಮ್ಮಡಿಯಾದರೂ ಕೋಶ ಎರಡಾಗಿ ಒಡೆಯುವುದಿಲ್ಲ. ಅಲ್ಲಿನ ಒಂದು ಮ್ಯಾಗ್ನೋಲಿಯಾ ತಳಿಗೆ ಇಂದಿಗೂ ಅವರದೇ ಹೆಸರಿದೆ.

ಜಾನಕಿಯವರ ಕ್ಷೇತ್ರ ಸಸ್ಯಲೋಕ. ಆದರೆ ಅದೇ ಬಗೆಯ ಇಮ್ಮಡಿಕೆ ಆರೋಗ್ಯವಂತರಾದ ನಮ್ಮ ದೇಹದಲ್ಲಿಯೂ ಸಹಜವಾಗಿ ನಡೆಯುತ್ತದೆಂಬುದು ಹಲವರಿಗೆ ಅಚ್ಚರಿ ತಂದೀತು. ಯಕೃತ್ತಿನ ಮತ್ತು ಹೃದಯದ ಸ್ನಾಯುವಿನ ಅನೇಕ ಕೋಶಗಳಲ್ಲಿ ನಾಲ್ಕು ಗಣಗಳಿರುತ್ತವೆ, ಕೆಲವುಗಳಲ್ಲಿ ಎಂಟು. ಡೆಂಗ್ಯೂ ಬಂದಾಗ ನಾವು ಆತಂಕದಿಂದ ಲೆಕ್ಕ ಕೇಳುವ ಪ್ಲೇಟ್‌ಲೆಟ್‌ಗಳು ಮೂಳೆಮಜ್ಜೆಯ ದೈತ್ಯಕೋಶಗಳ ಚೂರುಗಳು. ಆ ಕೋಶಗಳಲ್ಲಿ ಸಾಮಾನ್ಯವಾಗಿ 16, ಕೆಲವೊಮ್ಮೆ 64 ಗಣಗಳೂ ಇರುವುದುಂಟು. ಭ್ರೂಣದ ಎಲ್ಲ ಕೋಶಗಳಲ್ಲಿಯೂ ಒಂದು ಗಣ ಹೆಚ್ಚಾದರೆ ಅದು ಮಾರಕ. ಯುಕ್ತ ಅಂಗದ ಕೆಲವು ಕೋಶಗಳಲ್ಲಿ ಹೆಚ್ಚಾದರೆ ಅದು ದೇಹದ ವ್ಯವಸ್ಥೆ. ಹೆಚ್ಚುವರಿ ಎಂದೊಡನೆ ರೋಗವೆಂದು ಬೆದರಬೇಕಿಲ್ಲ.

ಪ್ರಧಾನಿ ನೆಹರೂ ಅವರ ಆಹ್ವಾನದ ಮೇರೆಗೆ 1951ರಲ್ಲಿ ತಾಯ್ನಾಡಿಗೆ ಮರಳಿದ ಜಾನಕಿಯವರು ಭಾರತೀಯ ಸಸ್ಯ ಸರ್ವೇಕ್ಷಣೆಯ ಪುನರ್ರಚನೆಗೆ ದುಡಿದರು. ಎಂಬತ್ತು ದಾಟಿದ ಮೇಲೂ ಸೈಲೆಂಟ್ ವ್ಯಾಲಿಯ ಕಾಡನ್ನು ಮುಳುಗಿಸಲಿದ್ದ ಅಣೆಕಟ್ಟಿನ ವಿರುದ್ಧ ದನಿಯೆತ್ತಿದರು. 1984ರ ಫೆಬ್ರವರಿ 7ರಂದು ಅವರು ನಿಧನರಾದರು. ಅದೇ ವರ್ಷದ ನವೆಂಬರಿನಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಆ ಸುದ್ದಿ ಕೇಳಲು ಅವರಿರಲಿಲ್ಲ.

ವಿಜ್ಞಾನ ಓದಬಯಸುವ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಈ ಬಾಳನ್ನು ತಿಳಿಸಿಕೊಡುವುದು ನಮ್ಮೆಲ್ಲರ ಕರ್ತವ್ಯ.