ಶಾಂತಿಸ್ವರೂಪ ಭಟ್ನಾಗರ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದವರು ಡಾ. ಶಾಂತಿಸ್ವರೂಪ ಭಟ್ನಾಗರರು.

1894ರ ಫೆಬ್ರವರಿ 21ರಂದು, ಇಂದು ಪಾಕಿಸ್ತಾನಕ್ಕೆ ಸೇರಿರುವ ಭೇರಾ ಎಂಬ ಊರಿನಲ್ಲಿ ಅವರು ಜನಿಸಿದರು. ಎಂಟು ತಿಂಗಳ ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು, ಇಂಜಿನಿಯರರಾಗಿದ್ದ ತಾಯಿಯ ತಂದೆಯ ಆಶ್ರಯದಲ್ಲಿ ಬೆಳೆದರು. ವಿದ್ಯಾರ್ಥಿವೇತನದ ನೆರವಿನಿಂದ ಲಂಡನ್ನಿಗೆ ತೆರಳಿ 1921ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ಕಾಶಿಯಲ್ಲಿ ಮೂರು ವರ್ಷ ಪ್ರಾಧ್ಯಾಪಕರಾಗಿದ್ದು, 1924ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯವನ್ನು ಸೇರಿದರು.

ಆ ದಿನಗಳಲ್ಲಿ ರಾವಲ್ಪಿಂಡಿಯ ಅಟಕ್ ತೈಲ ಕಂಪೆನಿಗೆ ಒಂದು ತೊಡಕು ಎದುರಾಯಿತು. ಬಾವಿ ಕೊರೆಯಲು ಬಳಸುತ್ತಿದ್ದ ಕೆಸರು ಭೂಗರ್ಭದ ಉಪ್ಪುನೀರು ಸೋಕಿದೊಡನೆ ಗಟ್ಟಿಯಾಗಿ, ಕೊರೆತವೇ ನಿಂತುಹೋಗುತ್ತಿತ್ತು. ನೀರಿನಲ್ಲಿ ತೇಲುವ ಸೂಕ್ಷ್ಮಕಣಗಳ ರಸಾಯನಶಾಸ್ತ್ರದಲ್ಲಿ ಇದಕ್ಕೆ ಪರಿಹಾರವಿದೆಯೆಂದು ಭಟ್ನಾಗರರು ಅರಿತರು. ನಮ್ಮ ದೇಶದ ಗೋಂದನ್ನು ಬೆರೆಸಿದಾಗ ಕೆಸರು ಉಪ್ಪಿಗೆ ಜಗ್ಗದೆ ತೆಳುವಾಗಿಯೇ ಉಳಿಯಿತು.

ಸಂತುಷ್ಟರಾದ ಲಂಡನ್ನಿನ ಸ್ಟೀಲ್ ಬ್ರದರ್ಸ್ ಕಂಪೆನಿಯವರು ಪೆಟ್ರೋಲಿಯಂ ಸಂಶೋಧನೆಗೆಂದು ಅವರಿಗೆ 1,50,000 ರೂಪಾಯಿ ನೀಡಲು ಮುಂದಾದರು. ಭಟ್ನಾಗರರು ಅದನ್ನು ವಿಶ್ವವಿದ್ಯಾನಿಲಯದ ಮೂಲಕವೇ ಕೊಡಬೇಕೆಂದು ಕೋರಿದರು. ಹೀಗೆ ಅಲ್ಲಿ ಪೆಟ್ರೋಲಿಯಂ ಸಂಶೋಧನಾ ವಿಭಾಗ ಹುಟ್ಟಿತು. ಮೇಣದ ದುರ್ವಾಸನೆಯನ್ನು ನೀಗುವುದು, ತ್ಯಾಜ್ಯದ ಸದುಪಯೋಗ ಮೊದಲಾದ ಕಾರ್ಯಗಳು ನಡೆದವು. ಹಣವನ್ನೆಲ್ಲ ಕಂಪೆನಿ ತನ್ನದೇ ಪ್ರಯೋಗಶಾಲೆಗೆ ತೊಡಗಿಸಿದ್ದರೆ ಎಣ್ಣೆಯೇನೋ ದೊರೆಯುತ್ತಿತ್ತು. ಆದರೆ ತರುಣ ಸಂಶೋಧಕರ ಒಂದು ಪೀಳಿಗೆ ಅಲ್ಲಿ ಸಿದ್ಧವಾಗುತ್ತಿರಲಿಲ್ಲ.

ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಸರಕಾರದ ಸಂಶೋಧನಾ ಮಂಡಳಿಯ ಹೊಣೆ ಅವರ ಮೇಲೆ ಬಂದಿತು. 1942ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಸ್ಥಾಪಿತವಾಯಿತು. ಅವರ ಮುಂದಾಳುತನದಲ್ಲಿ ರಾಷ್ಟ್ರೀಯ ಪ್ರಯೋಗಾಲಯಗಳು ತಲೆಯೆತ್ತಿದವು. ಪುಣೆಯ ರಾಸಾಯನಿಕ ಪ್ರಯೋಗಾಲಯವೂ ಮೈಸೂರಿನ ಆಹಾರ ಸಂಶೋಧನಾಲಯವೂ 1950ರಲ್ಲಿ ಆರಂಭವಾದವು. ಇದರಿಂದ ವಿಶ್ವವಿದ್ಯಾನಿಲಯಗಳು ಬಡವಾಗುವವೆಂದು ಮೇಘನಾದ ಸಾಹಾ ಮೊದಲಾದವರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಆಗತಾನೆ ಸ್ವತಂತ್ರವಾಗಿದ್ದ ನಾಡಿನ ಕೈಗಾರಿಕೆಗಳಿಗೆ ದೊಡ್ಡ ಯಂತ್ರ, ದೊಡ್ಡ ತಂಡ, ನಿರಂತರ ದುಡಿಮೆ ಬೇಕಾಗಿದ್ದವೆಂಬುದೂ ನಿಜ. ಎರಡೂ ಬೇಕು, ಒಂದಕ್ಕೊಂದು ದೂರವಾಗಬಾರದು ಎಂಬುದೇ ನನ್ನ ಅಭಿಪ್ರಾಯ.

1955ರ ಜನವರಿ 1ರಂದು ಭಟ್ನಾಗರರು ದಿವಂಗತರಾದರು.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಗಿರಣಿ, ಕಾರ್ಖಾನೆ ನಡೆಸುವವರಿದ್ದಾರೆ. ಕಸಬಿನಲ್ಲಿ ಬಿಡಿಸಲಾಗದ ತೊಡಕು ಬಂದಾಗ ಸಮೀಪದ ಕಾಲೇಜಿನ ಬಾಗಿಲನ್ನೂ ಒಮ್ಮೆ ತಟ್ಟಿರೆಂದು ಅವರಲ್ಲಿ ನನ್ನ ವಿನಂತಿ. ನಿಮ್ಮ ಕೆಲಸವೂ ಆದೀತು, ನಾಲ್ಕು ಮಕ್ಕಳ ವಿದ್ಯೆಯೂ ಬೆಳೆದೀತು.