ಡಾಕ್ಟರ್ ರೂಪಾಬಾಯಿ ಫರ್ದೂನ್‌ಜಿಯವರು

ನಮ್ಮ ಸೀಮೆಯಲ್ಲಿ ತುಂಗಭದ್ರಾ ನದಿಯು ಬಹುಕಾಲ ಎರಡು ಸರಕಾರಗಳ ನಡುವಣ ಗಡಿಯಾಗಿತ್ತೆಂಬುದನ್ನು ಹಿರಿಯರು ಬಲ್ಲರು. ಈಚೆಯ ದಡದ ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಂಡೂರು ಘೋರ್ಪಡೆ ದೊರೆಗಳ ಚಿಕ್ಕ ಸಂಸ್ಥಾನವಾಗಿತ್ತು. ಹರಿಗೋಲಿನಲ್ಲಿ ಹೊಳೆಯನ್ನು ದಾಟಿ ಆನೆಗೊಂದಿಯ ಕಡೆಗೆ ಇಳಿದೊಡನೆ ಹೈದರಾಬಾದಿನ ನಿಜಾಮರ ರಾಜ್ಯವು ಆರಂಭವಾಗುತ್ತಿತ್ತು. ಆ ರಾಜ್ಯವು 1948ನೆಯ ಇಸವಿಯಲ್ಲಿ ಭಾರತದೊಳಗೆ ಸೇರಿತು. 1956ರಲ್ಲಿ ಅದರ ಕನ್ನಡ ಜಿಲ್ಲೆಗಳು ಕನ್ನಡನಾಡಿನೊಡನೆ ಒಂದಾದವು. ಅದರ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗುವ ರೋಗಿಗಳ ಉಸಿರನ್ನು ಕಾಯುವುದನ್ನೇ ತಮ್ಮ ವೃತ್ತಿಯನ್ನಾಗಿ ಮಾಡಿಕೊಂಡ ಒಬ್ಬ ಮಹಿಳೆಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಅವರ ತಾಯಿತಂದೆಗಳ ಮುಂದೆ ಇಡಲು ಬಯಸುತ್ತೇವೆ.

ರೂಪಾಬಾಯಿಯವರ ಕೆಲಸದ ಬೆಲೆಯನ್ನು ತಿಳಿಯಬೇಕಾದರೆ ಕ್ಲೋರೋಫಾರಮಿನ ಕಥೆಯನ್ನು ಸ್ವಲ್ಪ ತಿಳಿದಿರಬೇಕು. 1847ರಲ್ಲಿ ಎಡಿನ್‌ಬರೋ ಪಟ್ಟಣದ ಸಿಂಪ್ಸನ್ ಎಂಬ ವೈದ್ಯರು ಈ ದ್ರವದ ಆವಿಯಿಂದ ರೋಗಿಗಳಿಗೆ ಅರಿವಳಿಸಿ, ಅವರನ್ನು ಘೋರವಾದ ನೋವಿನಿಂದ ಪಾರುಮಾಡಿದರು. ಲೋಕವೆಲ್ಲವೂ ಹರ್ಷಿಸಿತು. ಆದರೆ 1848ರ ಜನವರಿ ತಿಂಗಳಲ್ಲಿಯೇ, ನ್ಯೂಕಾಸಲ್ ಪಟ್ಟಣದ ಹತ್ತಿರ, ಕಾಲ್ಬೆರಳಿನ ಉಗುರನ್ನು ತೆಗೆಯಿಸಿಕೊಳ್ಳಲು ಕುಳಿತ 15 ವರ್ಷದ ಒಬ್ಬ ಹುಡುಗಿಯು ಆ ಆವಿಯನ್ನು ಸೇವಿಸಿದ ಕೆಲವೇ ನಿಮಿಷಗಳೊಳಗೆ ಮೃತಳಾದಳು. ಅಂಥ ಮರಣಗಳು ಮತ್ತೆ ಮತ್ತೆ ಸಂಭವಿಸಿದವು. ಮೊದಲು ನಿಲ್ಲುವುದು ಹೃದಯವೋ ಉಸಿರೋ ಎಂಬ ಪ್ರಶ್ನೆಯು ಆಗ ಎದ್ದಿತು. ಹೃದಯವಾದರೆ ವೈದ್ಯನು ನಾಡಿಯನ್ನು ಹಿಡಿದಿರಬೇಕು. ಉಸಿರಾದರೆ ಎದೆಯ ಏರಿಳಿತವನ್ನು ನೋಡುತ್ತಿರಬೇಕು. ಲಂಡನ್ನಿನ ಸ್ನೋ ಮೊದಲಾದವರು ಹೃದಯದ ಅಪಾಯವನ್ನೂ, ಎಡಿನ್‌ಬರೋವಿನ ಸೈಮ್ ಮತ್ತು ಅವರ ಶಿಷ್ಯರು ಉಸಿರಿನ ಅಪಾಯವನ್ನೂ ಮುಂದಿಟ್ಟರು.

ಸೈಮರ ಬೋಧನೆಯನ್ನು ಅನುಸರಿಸಿದ ಎಡ್ವರ್ಡ್ ಲಾರೀ ಎಂಬುವರು ಹೈದರಾಬಾದಿನ ರೆಸಿಡೆನ್ಸಿಯ ವೈದ್ಯರಾಗಿಯೂ ಅಲ್ಲಿಯ ವೈದ್ಯಶಾಲೆಯ ಮುಖ್ಯಸ್ಥರಾಗಿಯೂ ಇದ್ದರು. ಹೆಣ್ಣುಮಕ್ಕಳು ಬರೆಯಲು ಓದಲು ಕಲಿಯುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ, 1885ರಲ್ಲಿ, ಐದು ಮಂದಿ ಸ್ತ್ರೀಯರು ಆ ಶಾಲೆಯನ್ನು ಸೇರಿದರು. ಪಾರ್ಸಿ ಮನೆತನದ ರೂಪಾಬಾಯಿಯವರು ಅವರಲ್ಲಿ ಒಬ್ಬರು. 1889ರಲ್ಲಿ ಅವರು ಹಕೀಮ್ ಪದವಿಯನ್ನು ಪಡೆದರು.

ಅವರ ವಿದ್ಯಾಭ್ಯಾಸದ ಕಾಲದಲ್ಲಿಯೇ ಹೈದರಾಬಾದಿನ ಹೆಸರು ಲೋಕದ ವೈದ್ಯರೆಲ್ಲರ ಬಾಯಲ್ಲಿ ಬಂದಿತು. ಆರನೆಯ ನಿಜಾಮರಾದ ಮಹಬೂಬ್ ಅಲೀ ಖಾನರ ಧನಸಹಾಯದಿಂದ 1888ರಲ್ಲಿ ಒಂದು, 1889ರಲ್ಲಿ ಮತ್ತೊಂದು ಕ್ಲೋರೋಫಾರಂ ಆಯೋಗವು ಕೂಡಿತು. ಎರಡನೆಯದಕ್ಕೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯವರು ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವೈದ್ಯರನ್ನು ಕಳುಹಿಸಿದರು. ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆಗಳು ನಡೆದವು. ಉಸಿರೇ ಮೊದಲು ನಿಲ್ಲುವುದೆಂದೂ, ಆದಕಾರಣ ಅದನ್ನೇ ಎವೆಯಿಕ್ಕದೆ ನೋಡಬೇಕೆಂದೂ ಆಯೋಗವು ತೀರ್ಮಾನಿಸಿತು.

ಪದವೀಧರೆಯಾದ ರೂಪಾಬಾಯಿಯವರು 1889ರಿಂದ 1917ರವರೆಗೆ ರೆಸಿಡೆನ್ಸಿ ಆಸ್ಪತ್ರೆ, ಅಫ್ಜಲ್‌ಗಂಜ್ ಆಸ್ಪತ್ರೆ ಮತ್ತು ಜನಾನಾ ಆಸ್ಪತ್ರೆಗಳಲ್ಲಿ ಕ್ಲೋರೋಫಾರಂ ಕೊಡುವ ಕೆಲಸವನ್ನು ನಡೆಯಿಸಿದರು. ಲೋಕದಲ್ಲಿಯೇ ಮೊದಲನೆಯ ಸ್ತ್ರೀ ಅರಿವಳಿಕೆ ವೈದ್ಯರು ಇವರೇ ಎಂದು ಎಣಿಸಲಾಗಿದೆ. ಈ ಕೆಲಸದಲ್ಲಿ ಕೀರ್ತಿ ಕಡಿಮೆ, ಹೊಣೆ ಹೆಚ್ಚು. ಕತ್ತಿಯನ್ನು ಹಿಡಿದ ವೈದ್ಯನನ್ನು ಎಲ್ಲರೂ ಹೊಗಳುವರು. ರೋಗಿಯ ತಲೆಯ ಬಳಿಯಲ್ಲಿ ನಿಂತು, ಬಟ್ಟೆಯ ಮೇಲೆ ಔಷಧವನ್ನು ಅಳತೆಯರಿತು ಹನಿಸುತ್ತ, ನಾಲಗೆಯು ಹಿಂದಕ್ಕೆ ಬಿದ್ದು ಗಂಟಲು ಮುಚ್ಚದಂತೆ ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿದವರ ಹೆಸರನ್ನು ಯಾರೂ ಕೇಳರು. ಆದರೂ ರೋಗಿಯು ಮರಳಿ ಕಣ್ಣು ತೆರೆಯುವುದು ಆ ಕೈಗಳನ್ನೇ ಅವಲಂಬಿಸಿತ್ತು.

ಅನುಭವ ಉಂಟೆಂದು ಅವರು ಕಲಿಯುವುದನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ಸೇವೆ ಮಾಡಿದ ಮೇಲೆ, 1909ರಲ್ಲಿ, ಎಡಿನ್‌ಬರೋವಿಗೆ ಹೋಗಿ ಭೌತಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ವ್ಯಾಸಂಗಮಾಡಿದರು. ಅರಿವಳಿಕೆಗೆಂದೇ ಪ್ರತ್ಯೇಕವಾದ ಪಾಠಕ್ರಮವು ಅಂದು ಇರಲಿಲ್ಲ. ಆವಿಯ ಗುಣವನ್ನು ಅರಿಯಲು ಆ ಶಾಸ್ತ್ರಗಳೇ ದಾರಿಯಾಗಿದ್ದವು. 1920ರಲ್ಲಿ ಅವರು ಸೇವೆಯಿಂದ ನಿವೃತ್ತರಾದರು.

ಇಲ್ಲಿ ಒಂದು ಸತ್ಯವನ್ನು ಮರೆಮಾಡಬಾರದು. ಹೈದರಾಬಾದಿನ ತೀರ್ಮಾನವು ಪೂರ್ಣವಾಗಿ ಸರಿಯಾಗಿರಲಿಲ್ಲ. 1911ರಲ್ಲಿ ಗುಡ್‌ಮನ್ ಲೀವಿ ಎಂಬುವರು, ಕ್ಲೋರೋಫಾರಂ ಸ್ವಲ್ಪವೇ ಕೊಟ್ಟಾಗಲೂ ಹೃದಯವು ತನ್ನ ತಾಳವನ್ನು ಕಳೆದುಕೊಂಡು, ನಡುಗಿ, ಥಟ್ಟನೆ ನಿಂತುಹೋಗಬಹುದೆಂದು ಬೆಕ್ಕುಗಳ ಮೇಲೆ ನಡೆಯಿಸಿದ ಪರೀಕ್ಷೆಗಳಿಂದ ತೋರಿಸಿದರು. ಹಾಗಾದರೆ ರೂಪಾಬಾಯಿಯವರ ಶ್ರಮವು ವ್ಯರ್ಥವಾಯಿತೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಉಸಿರನ್ನು ಮಾತ್ರ ನೋಡಿದರೆ ಸಾಕೆಂಬ ಮಾತು ಬಿದ್ದುಹೋಯಿತು. ಉಸಿರನ್ನು ಒಂದು ಕ್ಷಣವೂ ಕಡೆಗಣಿಸಬಾರದೆಂಬ ಶಿಸ್ತು ಉಳಿಯಿತು. ಕ್ಲೋರೋಫಾರಂ ಇಂದು ಶಸ್ತ್ರಶಾಲೆಗಳಿಂದ ಮರೆಯಾಗಿದೆ. ಉಸಿರನ್ನೂ ಹೃದಯವನ್ನೂ ಜೊತೆಯಾಗಿ ಕಾಯುವವರು ಅಲ್ಲಿ ನಿಂತಿದ್ದಾರೆ.

1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಗಿಬ್ಬನ್ ಎಂಬ ವೈದ್ಯರು, ಹೃದಯದ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, 18 ವರ್ಷದ ಒಬ್ಬ ಯುವತಿಯ ಹೃದಯದ ರಂಧ್ರವನ್ನು ಮುಚ್ಚಿದರು, ಆಕೆಯು ಬದುಕಿದಳು. ಆದರೆ ಹೃದಯದ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಸುಮ್ಮನೆ ಬಿದ್ದಿರುವ ಶ್ವಾಸಕೋಶಗಳು ಕುಗ್ಗಿ, ಆಮೇಲೆ ತೊಂದರೆ ಕೊಡುವುದುಂಟು. ಯಂತ್ರದಿಂದ ಎಷ್ಟು ಉಸಿರನ್ನು, ಎಷ್ಟು ಒತ್ತಡದಲ್ಲಿ ತುಂಬಬೇಕೆಂಬ ವಿಷಯದಲ್ಲಿ ಶೋಧನೆಯು ಇಂದಿಗೂ ನಡೆದಿದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾದ 400 ರೋಗಿಗಳನ್ನು ಕುರಿತು ಫ್ರಾನ್ಸಿನವರು 2013ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ದೊಡ್ಡ ಉಸಿರುಗಳನ್ನು ತುಂಬಿಸಿದವರ ಪೈಕಿ ನೂರಕ್ಕೆ 27.5 ಮಂದಿಗೆ ಗಂಭೀರವಾದ ತೊಡಕುಗಳು ಉಂಟಾದವು. ಚಿಕ್ಕ ಉಸಿರುಗಳನ್ನು ಕೊಟ್ಟು, ಶ್ವಾಸಕೋಶವು ಕುಗ್ಗದಂತೆ ಮಿತವಾದ ಒತ್ತಡವನ್ನು ಕಾದಿಟ್ಟವರಲ್ಲಿ ಅದು 10.5ಕ್ಕೆ ಇಳಿಯಿತು. ಬಲವಾಗಿ ಊದುವುದಕ್ಕಿಂತ ಮೆಲ್ಲನೆ ಊದುವುದೇ ಮೇಲೆಂದು ಹೀಗೆ ಕಂಡುಬಂದಿತು.

ಇಂದು ನಮ್ಮ ಕಡೆಯ ರೋಗಿಯು ಹೃದಯದ ಚಿಕಿತ್ಸೆಗಾಗಿ ಬೆಂಗಳೂರಿಗೋ, ಒಂದು ಕಾಲಕ್ಕೆ ನಿಜಾಮರದಾಗಿದ್ದ ಕಲಬುರಗಿಗೋ ಹೋದರೆ, ಅಲ್ಲಿ ಆತನ ತಲೆಯ ಬಳಿಯಲ್ಲಿ ನಿಲ್ಲುವವರು ಅನೇಕ ವೇಳೆ ಹೆಂಗಸರೇ ಆಗಿರುತ್ತಾರೆ. ಆ ಸ್ಥಾನದಲ್ಲಿ ಮೊದಲು ನಿಂತವರು ರೂಪಾಬಾಯಿಯವರು. ಮಗಳು ಭೌತಶಾಸ್ತ್ರ ರಸಾಯನಶಾಸ್ತ್ರಗಳನ್ನು ಓದುವೆನೆಂದರೆ ಹೆಣ್ಣಿಗೆ ಅದೇತಕ್ಕೆಂದು ಕೇಳುವ ಮುನ್ನ, ತಾಯಿತಂದೆಗಳು ಈ ಪುಣ್ಯಜೀವಿಯ ಚರಿತ್ರೆಯನ್ನು ಒಮ್ಮೆ ನೆನೆಯಬೇಕೆಂದು ಪ್ರಾರ್ಥಿಸುತ್ತೇವೆ.